ಬೀಗದ ಗುಟ್ಟು ಮತ್ತು ಅಳತೆಯ ಕೋಲು



ಕಳೆದ ತಿಂಗಳು ನಮ್ಮ ಬಟ್ಟೆ ಅಂಗಡಿಯ ವೈಫೈ ಪೆಟ್ಟಿಗೆ ಹಳತಾಗಿ ಕೆಟ್ಟುಹೋಯಿತು. ಹೊಸದನ್ನು ತಂದು ಗೋಡೆಗೆ ಕೂಡಿಸಿದೆವು. ರಜೆಗೆ ಬಂದಿದ್ದ ಮೊಮ್ಮಗ ಅದಕ್ಕೆ ಗುಪ್ತಪದ ಹಾಕಲು ಕುಳಿತನು. ಫೋನಿನ ಪರದೆಯ ಮೇಲೆ ಮೂರು ನಾಲ್ಕು ಹೆಸರುಗಳು ಸಾಲಾಗಿ ಮೂಡಿದವು: ವೆಪ್, ಡಬ್ಲ್ಯೂಪಿಎ, ಡಬ್ಲ್ಯೂಪಿಎ-2, ಡಬ್ಲ್ಯೂಪಿಎ-3. ಯಾವುದಾದರೂ ಒಂದನ್ನು ಆರಿಸಬೇಕು. ಆಗ ಅವನು ತಲೆ ಎತ್ತಿ, "ಅಜ್ಜಾ, ಇವನ್ನೆಲ್ಲಾ ಯಾರು ಠರಾಯಿಸಿದ್ರು? ಇಡೀ ಜಗತ್ತಿಗೆ ಒಂದೇ ಹೆಂಗಾತು?" ಎಂದು ಕೇಳಿದನು.

ನಮ್ಮದು ಮೆಟ್ರಿಕ್‌ವರೆಗಿನ ಓದು. ಅವನ ಪ್ರಶ್ನೆಗೆ ಆ ಹೊತ್ತಿನಲ್ಲಿ ನಮ್ಮ ಹತ್ತಿರ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ವ್ಯಾಪಾರಿಯ ಪ್ರಶ್ನೆಯಾಗಿತ್ತು. ಅಳತೆಯನ್ನು ಯಾರು ಠರಾಯಿಸುತ್ತಾರೋ ಪೇಟೆ ಅವರದು ಎಂಬುದನ್ನು ನಾವು ಅಂಗಡಿಯ ಗಾದಿಯ ಮೇಲೆ ಕುಳಿತೇ ಕಲಿತಿದ್ದೇವೆ. ಅಳಿಯಂದಿರನ್ನು ಕೇಳಿದೆವು, ಅವರು ಕಳಿಸಿದ್ದನ್ನು ನಿಧಾನವಾಗಿ ಓದಿದೆವು. ಅದರಲ್ಲಿ ಚೀನ ಮತ್ತು ಅಮೆರಿಕ ದೇಶಗಳ ನಡುವೆ ಇದೇ ವಿಷಯಕ್ಕಾಗಿ ನಡೆದ ಒಂದು ದೊಡ್ಡ ವ್ಯಾಜ್ಯದ ಕಥೆ ಸಿಕ್ಕಿತು. ನಮ್ಮ ಮನೆಗಳಲ್ಲಿ ಈಗ ಹಣದ ವ್ಯವಹಾರವೆಲ್ಲ ಈ ಗಾಳಿಯ ದಾರಿಯಲ್ಲಿಯೇ ನಡೆದಿರುವುದರಿಂದ ಅದನ್ನು ಈ ಸಲ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಅಳತೆಯ ಮಾತು. ಹಿಂದೆ ಬಟ್ಟೆಯನ್ನು ಮೊಳದಲ್ಲಿ ಅಳೆಯುತ್ತಿದ್ದರು. ಮೊಳ ಅವರವರ ಕೈಯಳತೆ. ಗಿಡ್ಡ ಕೈಯವನ ಅಂಗಡಿಯಲ್ಲಿ ಗಿರಾಕಿಗೆ ನಷ್ಟ, ಉದ್ದ ಕೈಯವನ ಅಂಗಡಿಯಲ್ಲಿ ಅಂಗಡಿಕಾರನಿಗೆ ನಷ್ಟ. ಆಮೇಲೆ ವಾರ ಬಂತು. 1956ರಲ್ಲಿ ತೂಕ-ಅಳತೆಯ ಕಾಯಿದೆಯಾಗಿ, ಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ಕಿಲೋ, ಲೀಟರ್, ಮೀಟರ್‌ಗಳು ಬಂದವು. ಒಂದು ವಾರವೆಂದರೆ 91.44 ಸೆಂಟಿಮೀಟರ್. ಮೀಟರಿನ ದರ ಹೇಳಿ ವಾರದ ಕೋಲಿನಿಂದ ಅಳೆದರೆ ಗಿರಾಕಿಗೆ ಮೀಟರಿಗೆ ಎಂಟೂವರೆ ಸೆಂಟಿಮೀಟರ್ ಮೋಸ. ನಮ್ಮ ಶಾಸ್ತ್ರಗಳು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ಸೇರಿಸಿರುವುದು ಇದಕ್ಕಾಗಿಯೇ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಂಡರೆ ಅದು ಕಳವಿನ ಸಾಲಿಗೇ ಸೇರುತ್ತದೆ.

ಇನ್ನು ವೈಫೈ. ತಂತಿಯಿಲ್ಲದೆ ರೇಡಿಯೋ ಅಲೆಗಳ ಮೇಲೆ ಮಾತು, ಚಿತ್ರ, ಲೆಕ್ಕ ಎಲ್ಲವೂ ಸಾಗುತ್ತವೆ. ಗೋಡೆ ಅದನ್ನು ತಡೆಯಲಾರದು. ಪಕ್ಕದ ಮನೆಯವನೂ, ಬೀದಿಯಲ್ಲಿ ನಿಂತವನೂ ಆ ಅಲೆಗಳನ್ನು ಹಿಡಿಯಬಲ್ಲನು. ಆದ್ದರಿಂದ ಕಳಿಸುವ ಸುದ್ದಿಯನ್ನು ಗೂಢಲಿಪಿಗೆ ತಿರುಗಿಸಿ ಕಳಿಸಬೇಕು. ಅದೇ ಇದರ ಬೀಗ. ಫೋನು ಒಂದು ಕಂಪನಿಯದು, ಪೆಟ್ಟಿಗೆ ಇನ್ನೊಂದು ಕಂಪನಿಯದು ಆಗಿರುವಾಗ ಎರಡಕ್ಕೂ ಒಂದೇ ಬೀಗದ ಪದ್ಧತಿ ಗೊತ್ತಿರಬೇಕು. ಆ ಒಪ್ಪಂದಕ್ಕೆ ಮಾನದಂಡ ಎನ್ನುತ್ತಾರೆ. ವೈಫೈಯ ಮಾನದಂಡವನ್ನು 1997ರಲ್ಲಿ ಮೊದಲು ಹೊರತಂದದ್ದು ಅಮೆರಿಕದಲ್ಲಿ ಮುಖ್ಯ ಕಚೇರಿಯಿರುವ ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆ. ಅದರ ಕ್ರಮಸಂಖ್ಯೆ 802.11.

ಆ ಮೊದಲ ಬೀಗದ ಹೆಸರೇ ವೆಪ್. ಅದು ಬಹಳ ದುರ್ಬಲವಾಗಿತ್ತು. ಬಲವಾದ ಗೂಢಲಿಪಿಗಳನ್ನು ಹೊರದೇಶಗಳಿಗೆ ಕಳಿಸಲು ಅಮೆರಿಕ ಸರಕಾರವು ಆಗ ನಿರ್ಬಂಧ ಹಾಕಿದ್ದರಿಂದ ಅದರ ಕೀಲಿಯನ್ನು 40 ಬಿಟ್‌ಗಳಷ್ಟು ಸಣ್ಣದಾಗಿ ಇಟ್ಟಿದ್ದರು. ಜೊತೆಗೆ ಅದನ್ನು ಕಟ್ಟಿದ ರೀತಿಯಲ್ಲಿಯೂ ದೋಷಗಳಿದ್ದವು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ಆ ಬೀಗವನ್ನು ಮುರಿಯುವ ಮಾರ್ಗವನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಬೇರೆಯವರು ಅದನ್ನು ನಿಜವಾಗಿಯೂ ಮುರಿದು ತೋರಿಸಿದರು. ಜಗತ್ತಿನ ತುಂಬ ಮಾರಾಟವಾದ ಪೆಟ್ಟಿಗೆಗಳ ಬೀಗ ಸಡಿಲವೆಂದು ಬಯಲಾಯಿತು. ತಾತ್ಕಾಲಿಕ ಉಪಾಯವಾಗಿ 2003ರಲ್ಲಿ ಡಬ್ಲ್ಯೂಪಿಎ ಬಂತು. ಗಟ್ಟಿಯಾದ ಹೊಸ ಬೀಗವನ್ನು ಐಇಇಇ ಸಿದ್ಧಪಡಿಸುತ್ತಿತ್ತು. ಅದರ ಹೆಸರು 802.11ಐ. ಅದು 2004ರ ಜೂನ್‌ನಲ್ಲಿ ಮಂಜೂರಾಗಿ ಡಬ್ಲ್ಯೂಪಿಎ-2 ಎಂಬ ಹೆಸರಿನಿಂದ ನಮ್ಮ ಮನೆಗಳಿಗೆ ಬಂತು.

ಹಳೆಯ ಬೀಗ ಮುರಿದು ಹೊಸದು ಇನ್ನೂ ತಯಾರಾಗದ ಆ ಸಮಯದಲ್ಲಿಯೇ ಚೀನ ದೇಶವು ತನ್ನದೇ ಬೀಗವನ್ನು ಮುಂದೆ ತಂದಿತು. ಅದರ ಹೆಸರು ವಾಪಿ. ಶಿಯಾನ್ ನಗರದ ಒಂದು ಕಂಪನಿ ಅದನ್ನು ರೂಪಿಸಿತ್ತು. 2003ರ ಮೇ ತಿಂಗಳಲ್ಲಿ ಚೀನ ಸರಕಾರವು ಅದನ್ನು ರಾಷ್ಟ್ರೀಯ ಮಾನದಂಡವೆಂದು ಪ್ರಕಟಿಸಿತು. ಚೀನದಲ್ಲಿ ಮಾರುವ ಪ್ರತಿಯೊಂದು ವೈಫೈ ಉಪಕರಣದಲ್ಲಿಯೂ ಅದು ಇರಲೇಬೇಕೆಂದು ವಿಧಿಸಿ, 2004ರ ಜೂನ್ 1ರವರೆಗೆ ಗಡುವು ಕೊಟ್ಟಿತು.

ವಾಪಿಯಲ್ಲಿ ಒಳ್ಳೆಯ ಅಂಶವೂ ಇತ್ತೆಂಬುದನ್ನು ಹೇಳಲೇಬೇಕು. ಹಳೆಯ ವೆಪ್‌ನಲ್ಲಿ ಬಂದವನು ಯಾರೆಂದು ಪೆಟ್ಟಿಗೆ ಕೇಳುತ್ತಿತ್ತೇ ಹೊರತು, ಪೆಟ್ಟಿಗೆಯೇ ನಿಜವಾದದ್ದೋ ನಕಲಿಯೋ ಎಂದು ಬಂದವನಿಗೆ ತಿಳಿಯುವ ಮಾರ್ಗವಿರಲಿಲ್ಲ. ವಾಪಿಯಲ್ಲಿ ಎರಡೂ ಕಡೆಯವರು ಪ್ರಮಾಣಪತ್ರ ತೋರಿಸಬೇಕು. ಹಾಗಾದರೆ ಜಗಳವೇಕೆ ಬಂತು? ಕಾರಣಗಳು ಎರಡು.

ಮೊದಲನೆಯ ಕಾರಣ ಗುಟ್ಟು. ವಾಪಿಯ ಒಳಗಿನ ಗೂಢಲಿಪಿಯ ವಿಧಾನಕ್ಕೆ ಎಸ್‌ಎಂಎಸ್-4 ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಚೀನ ಸರಕಾರವು ಹೊರಗೆಡವಲಿಲ್ಲ. ಎರಡನೆಯ ಕಾರಣ ಪಾಲುದಾರಿಕೆ. ಸರಕಾರ ಆರಿಸಿದ ಕೆಲವೇ ಚೀನೀ ಕಂಪನಿಗಳಿಗೆ ಮಾತ್ರ ಆ ವಿಧಾನವನ್ನು ಕೊಡಲಾಗಿತ್ತು. ಮೊದಲ ಪಟ್ಟಿಯಲ್ಲಿ ಇದ್ದವು 11 ಮಾತ್ರ. ಹೊರದೇಶದ ಕಂಪನಿ ಚೀನದಲ್ಲಿ ವ್ಯಾಪಾರ ಮಾಡಬೇಕಾದರೆ ಇವುಗಳಲ್ಲಿ ಒಂದರ ಕೈಹಿಡಿಯಬೇಕು, ತನ್ನ ಸಾಮಾನಿನ ನಕ್ಷೆಯನ್ನು ಅದಕ್ಕೆ ತೋರಿಸಬೇಕು. ಆ ಕಂಪನಿಗಳಲ್ಲಿ ಕೆಲವು ಪೇಟೆಯಲ್ಲಿ ಇವರ ಪ್ರತಿಸ್ಪರ್ಧಿಗಳೇ ಆಗಿದ್ದವು. ಎದುರಂಗಡಿಯವನಿಗೆ ನಮ್ಮ ಖರೀದಿಯ ಚೋಪಡಿ ತೋರಿಸಿ ಪರವಾನಗಿ ಪಡೆಯಬೇಕೆಂದರೆ ಯಾವ ವ್ಯಾಪಾರಿ ಒಪ್ಪಿಯಾನು?

ಗುಟ್ಟಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಬೀಗದ ಒಳಗನ್ನು ಮುಚ್ಚಿಟ್ಟರೆ ಒಳ್ಳೆಯದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆಮೇಲೆ ನಮ್ಮ ಅಂಗಡಿಯ ಹಳೆಯ ಪದ್ಧತಿ ನೆನಪಾಯಿತು. ಬಟ್ಟೆ ವ್ಯಾಪಾರಿಗಳು ಥಾನಿನ ಚೀಟಿಯ ಮೇಲೆ ಖರೀದಿ ದರವನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಅಕ್ಷರಗಳಲ್ಲಿ ಬರೆಯುತ್ತಿದ್ದರು. ಹತ್ತು ಬೇರೆ ಬೇರೆ ಅಕ್ಷರಗಳ ಒಂದು ಮಾತನ್ನು ಮನೆತನದವರು ಗೊತ್ತುಮಾಡಿಕೊಂಡಿರುತ್ತಿದ್ದರು. ಮೊದಲ ಅಕ್ಷರವೆಂದರೆ ಒಂದು, ಎರಡನೆಯದೆಂದರೆ ಎರಡು, ಹತ್ತನೆಯದೆಂದರೆ ಸೊನ್ನೆ. ಈ ಪದ್ಧತಿ ಇಡೀ ಪೇಟೆಗೇ ಗೊತ್ತು. ಆದರೆ ನಮ್ಮ ಮನೆಯ ಆ ಮಾತು ಯಾವುದೆಂದು ನಮಗೆ ಮಾತ್ರ ಗೊತ್ತು. ಪದ್ಧತಿ ಬಯಲು, ಕೀಲಿ ಗುಟ್ಟು. ಮಾತು ಬಯಲಾದರೆ ಇನ್ನೊಂದು ಮಾತು ಇಟ್ಟುಕೊಂಡರಾಯಿತು.

ಇದೇ ತತ್ತ್ವವನ್ನು ಹಾಲೆಂಡ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಪಂಡಿತರು 1883ರಷ್ಟು ಹಿಂದೆಯೇ ಸೈನ್ಯದ ಗೂಢಲಿಪಿಯ ಬಗ್ಗೆ ಬರೆಯುತ್ತ ಪ್ರತಿಪಾದಿಸಿದ್ದಾರೆ. ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಕೀಲಿಯೊಂದೇ ಗುಟ್ಟಾಗಿದ್ದರೆ ಸಾಕು ಎಂಬುದು ಅವರ ಅಭಿಪ್ರಾಯದ ಸಾರ. 802.11ಐಯಲ್ಲಿ ಬಳಸಿದ ಎಇಎಸ್ ಎಂಬ ಗೂಢಲಿಪಿ ಹೀಗೆ ಬಯಲಿನಲ್ಲಿಯೇ ಹುಟ್ಟಿತು. ಅಮೆರಿಕದ ನಿಸ್ಟ್ ಎಂಬ ಮಾನದಂಡ ಸಂಸ್ಥೆ 1997ರಲ್ಲಿ ಬಹಿರಂಗ ಸ್ಪರ್ಧೆಯನ್ನು ಸಾರಿತು. 15 ವಿಧಾನಗಳು ಕಣಕ್ಕೆ ಬಂದವು. ಜಗತ್ತಿನ ಯಾರು ಬೇಕಾದರೂ ಅವನ್ನು ಮುರಿಯಲು ಯತ್ನಿಸಬಹುದಿತ್ತು. 2000ದಲ್ಲಿ ಗೆದ್ದದ್ದು ಅಮೆರಿಕನ್ನರದ್ದಲ್ಲ, ಬೆಲ್ಜಿಯಂ ದೇಶದ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಎಂಬಿಬ್ಬರ ವಿಧಾನ. 2001ರಲ್ಲಿ ಅದು ಅಮೆರಿಕದ ಅಧಿಕೃತ ಮಾನದಂಡವಾಯಿತು.

ಮತ್ತೆ ವ್ಯಾಜ್ಯದ ಕಡೆಗೆ ಬರೋಣ. 2004ರ ಮಾರ್ಚ್ ತಿಂಗಳಲ್ಲಿ ಇಂಟೆಲ್ ಕಂಪನಿಯು ಗಡುವಿನೊಳಗೆ ವಾಪಿಯನ್ನು ಅಳವಡಿಸಲಾಗದೆಂದೂ, ತನ್ನ ವೈಫೈ ಬಿಲ್ಲೆಗಳನ್ನು ಚೀನಕ್ಕೆ ಕಳಿಸುವುದನ್ನು ನಿಲ್ಲಿಸಬೇಕಾದೀತೆಂದೂ ತಿಳಿಸಿತು. ಅದೇ ತಿಂಗಳ 2ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್, ವಾಣಿಜ್ಯ ಸಚಿವ ಡಾನ್ ಇವಾನ್ಸ್, ವ್ಯಾಪಾರ ಪ್ರತಿನಿಧಿ ರಾಬರ್ಟ್ ಝೋಲಿಕ್ ಮೂವರೂ ಸೇರಿ ಚೀನದ ಉಪಪ್ರಧಾನಿಗಳಿಗೆ ಪತ್ರ ಬರೆದರು. ಒಂದು ಬೀಗದ ಸಲುವಾಗಿ ಮೂವರು ಮಂತ್ರಿ ದರ್ಜೆಯವರು ಸಹಿ ಹಾಕಿದರೆಂದರೆ ಅದರ ಹಿಂದಿನ ವ್ಯಾಪಾರ ಎಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಬಹುದು. ಚೀನ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಿತ್ತು. ಅಂತರರಾಷ್ಟ್ರೀಯ ಮಾನದಂಡವಿರುವ ಕಡೆ ಅದನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂಬುದು ಆ ಸಂಘಟನೆಯ ಕಟ್ಟಳೆ. ಕೊನೆಗೆ 2004ರ ಏಪ್ರಿಲ್ 21ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮಾತುಕತೆಯಲ್ಲಿ ಚೀನದ ಉಪಪ್ರಧಾನಿ ಶ್ರೀಮತಿ ವೂ ಯೀ ಅವರು ವಾಪಿಯ ಕಡ್ಡಾಯವನ್ನು ಅನಿರ್ದಿಷ್ಟ ಕಾಲ ಮುಂದೂಡಲು ಒಪ್ಪಿದರು.

ಅಲ್ಲಿಗೆ ಜಗಳ ಮುಗಿಯಲಿಲ್ಲ, ಜಾಗ ಬದಲಾಯಿತು. "ಅಂತರರಾಷ್ಟ್ರೀಯ ಮಾನದಂಡವೇ ಬೇಕೆಂದರೆ ನಮ್ಮದನ್ನೇ ಹಾಗೆ ಮಾಡಿರಿ" ಎಂಬ ಧೋರಣೆಯಿಂದ ಚೀನವು ವಾಪಿಯನ್ನು ಐಎಸ್ಓ ಮತ್ತು ಐಇಸಿ ಎಂಬ ಜಾಗತಿಕ ಸಂಸ್ಥೆಗಳ ಜಂಟಿ ಸಮಿತಿಯ ಮುಂದಿಟ್ಟಿತು. ಅತ್ತ 802.11ಐ ಕೂಡ ಅದೇ ಸಮಿತಿಗೆ ಬಂತು. 2004ರ ನವೆಂಬರ್‌ನಲ್ಲಿ ಅಮೆರಿಕದ ಆರ್ಲ್ಯಾಂಡೋದಲ್ಲಿ ನಡೆದ ಸಭೆಗೆ ತನ್ನ ಕೆಲವು ತಜ್ಞರಿಗೆ ವೀಸಾ ಸಿಗಲಿಲ್ಲವೆಂದು ಚೀನ ದೂರಿತು. 2005ರ ಫೆಬ್ರವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಸಭೆಯಿಂದ ಚೀನೀ ನಿಯೋಗವು ಎದ್ದು ಹೊರನಡೆಯಿತು. 2006ರ ಮಾರ್ಚ್‌ನಲ್ಲಿ ಸದಸ್ಯ ದೇಶಗಳ ಮತ ಎಣಿಸಿದಾಗ 802.11ಐ ಅಂಗೀಕಾರವಾಯಿತು, ವಾಪಿ ಬಿದ್ದುಹೋಯಿತು. ಐಇಇಇ ಅನೈತಿಕವಾಗಿ ನಡೆದುಕೊಂಡಿತೆಂದು ಆರೋಪಿಸಿ ಚೀನ ಮೇಲ್ಮನವಿ ಸಲ್ಲಿಸಿತು. ಆ ವರ್ಷದ ಜೂನ್‌ನಲ್ಲಿ ಪ್ರಾಗ್ ನಗರದ ಸಭೆಯಿಂದಲೂ ಅವರು ಹೊರನಡೆದರು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಇಷ್ಟನ್ನೇ ಓದಿದರೆ ಚೀನದ್ದೇ ಪೂರ್ತಿ ತಪ್ಪೆಂದು ತೋರುತ್ತದೆ. ಅನೇಕಾಂತವನ್ನು ನಂಬಿದ ನಾವು ಅಲ್ಲಿಗೇ ನಿಲ್ಲಬಾರದು. ಚೀನದವರ ಕಡೆಯಿಂದಲೂ ನೋಡಬೇಕು. ವೆಪ್ ಬೀಗ ಮುರಿದದ್ದು ಸುಳ್ಳೇ? ಅದರ ಕೀಲಿ ಸಣ್ಣದಾಗಲು ಅಮೆರಿಕ ಸರಕಾರದ ನಿರ್ಬಂಧ ಕಾರಣವಾದದ್ದು ಸುಳ್ಳೇ? ಅಂಥ ಬೀಗವನ್ನು ಒಮ್ಮೆ ಮನೆಗೆ ಹಾಕಿಸಿಕೊಂಡವರು ಮುಂದಿನ ಬೀಗ ನಾವೇ ಮಾಡಿಕೊಳ್ಳುತ್ತೇವೆ ಎಂದರೆ ಅದು ಸಹಜವೇ. ಜೊತೆಗೆ ಸಾಮಾನು ತಯಾರಿಸುವುದು ನಾವು, ಪೇಟೆಂಟ್ ಶುಲ್ಕ ಹೋಗುವುದು ಪರದೇಶಕ್ಕೆ ಎಂಬ ಕೊರಗೂ ಅವರಿಗಿತ್ತು.

ಅವರ ಸಂಶಯ ಬುಡವಿಲ್ಲದ್ದಲ್ಲವೆಂಬುದಕ್ಕೆ ಮುಂದೆ ಒಂದು ಸಾಕ್ಷಿಯೂ ಸಿಕ್ಕಿತು. ಇದೇ ನಿಸ್ಟ್ ಸಂಸ್ಥೆ 2006ರಲ್ಲಿ ಡ್ಯುಯಲ್ ಇಸಿ ಎಂಬ ಒಂದು ವಿಧಾನವನ್ನು ತನ್ನ ಮಾನದಂಡದಲ್ಲಿ ಸೇರಿಸಿತ್ತು. ಗೂಢಲಿಪಿಗೆ ಬೇಕಾದ ಅಂಕಿಗಳನ್ನು ಹುಟ್ಟಿಸುವ ವಿಧಾನವದು. ಅದರಲ್ಲಿ ಹಿಂಬಾಗಿಲು ಇರಲು ಸಾಧ್ಯವೆಂದು 2007ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಬ್ಬರು ತಜ್ಞರು ತೋರಿಸಿದರು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆ ತಂದ ಕಾಗದಪತ್ರಗಳ ಆಧಾರದಿಂದ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಇದರ ಹಿಂದಿದೆಯೆಂದು ಪತ್ರಿಕೆಗಳು ಬರೆದವು. ಆ ವರ್ಷವೇ ನಿಸ್ಟ್ ಸ್ವತಃ ಅದನ್ನು ಬಳಸಬೇಡಿರೆಂದು ಹೇಳಬೇಕಾಯಿತು. ಹೀಗೆ ಚೀನಕ್ಕೆ ಬೀಗ ತೆರೆದು ತೋರಿಸಿರೆಂದು ಬುದ್ಧಿ ಹೇಳಿದ ದೇಶವೂ ತನ್ನ ಮನೆಯಲ್ಲಿ ಎಲ್ಲವನ್ನೂ ತೆರೆದಿಟ್ಟಿರಲಿಲ್ಲ. ಕೊಡುವ ಅಳತೆ ಒಂದು, ಕೊಳ್ಳುವ ಅಳತೆ ಒಂದು. ಹೀನಾಧಿಕ ಮಾನೋನ್ಮಾನವೆಂದರೆ ಇದೇ ಅಲ್ಲವೇ?

ಆದರೆ ಅನೇಕಾಂತವೆಂದರೆ ಎಲ್ಲರೂ ಸಮಾನವಾಗಿ ಸರಿ ಎಂದು ಕೈತೊಳೆದುಕೊಳ್ಳುವುದಲ್ಲ. ಚೀನದ ಕೊರಗಿಗೆ ಕಾರಣವಿತ್ತು ಎಂಬುದು ಒಂದು ನಯ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಸರಿಯಿರಲಿಲ್ಲ ಎಂಬುದು ಇನ್ನೊಂದು ನಯ. ಎರಡೂ ಸತ್ಯವೇ. ಪರರ ಗುಟ್ಟಿನ ಬೀಗ ಬೇಡವೆನ್ನುವವನು ತನ್ನ ಗುಟ್ಟಿನ ಬೀಗವನ್ನು ಪರರ ಬಾಗಿಲಿಗೆ ಹಾಕಬಾರದು.

ವಾಪಿ ಆಮೇಲೆ ಏನಾಯಿತು? ಅದು ಸಾಯಲಿಲ್ಲ. 2006ರ ಫೆಬ್ರವರಿಯಿಂದ ಚೀನ ಸರಕಾರವು ತನ್ನ ಖರೀದಿಯಲ್ಲಿ ವಾಪಿ ಇದ್ದ ಸಾಮಾನಿಗೆ ಆದ್ಯತೆ ಕೊಟ್ಟಿತು. 2009ರ ಅಕ್ಟೋಬರ್‌ನಲ್ಲಿ ಚೀನದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದ ಐಫೋನಿನಲ್ಲಿ ವೈಫೈಯೇ ಇರಲಿಲ್ಲ. ಮರುವರ್ಷ ವಾಪಿಯನ್ನೂ ಸೇರಿಸಿದ ಮೇಲೆಯೇ ವೈಫೈ ಇರುವ ಐಫೋನು ಅಲ್ಲಿ ಬಂತು. ಐಎಸ್ಓದಲ್ಲಿ ಮತ್ತೊಮ್ಮೆ ಪ್ರಯತ್ನ ನಡೆದು, 2011ರಲ್ಲಿ ಚೀನ ಅದನ್ನು ತಾನೇ ಹಿಂತೆಗೆದುಕೊಂಡಿತು. ವಾಪಿಯ ಪೇಟೆಂಟನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಸೋನಿ ಕಂಪನಿಯು ಸುಮಾರು 91 ಲಕ್ಷ ಯುವಾನ್ ಕೊಡಬೇಕೆಂದು 2017ರಲ್ಲಿ ಬೀಜಿಂಗಿನ ನ್ಯಾಯಾಲಯ ತೀರ್ಪಿತ್ತಿತು.

ನಮ್ಮ ಮನಸ್ಸಿಗೆ ಹೆಚ್ಚು ನಾಟಿದ ಸಂಗತಿ ಬೇರೆಯಿದೆ. ಎಸ್‌ಎಂಎಸ್-4ರ ಗುಟ್ಟನ್ನು ಚೀನವು 2006ರ ಜನವರಿಯಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಮತದಾನ ನಡೆದೇ ಇತ್ತು, ತಡವಾಗಿತ್ತು. ಆದರೆ ಬಯಲಿಗೆ ಬಂದ ಮೇಲೆ ಹಲವು ದೇಶಗಳ ವಿದ್ವಾಂಸರು ಅದನ್ನು ವರ್ಷಾನುವರ್ಷ ಪರೀಕ್ಷಿಸಿದರು. ಅದು ಗಟ್ಟಿಯಾಗಿಯೇ ನಿಂತಿತು. ಎಸ್‌ಎಂ-4 ಎಂಬ ಹೆಸರಿನಿಂದ ಅದನ್ನು 2021ರಲ್ಲಿ ಇದೇ ಐಎಸ್ಓ ಮತ್ತು ಐಇಸಿಗಳು ತಮ್ಮ ಗೂಢಲಿಪಿಗಳ ಮಾನದಂಡದಲ್ಲಿ ಸೇರಿಸಿಕೊಂಡವು. ಎಷ್ಟು ವಿಚಿತ್ರ ನೋಡಿರಿ! ಕಾಯಿದೆಯ ಬಲದಿಂದ, ಗಡುವಿನ ಬೆದರಿಕೆಯಿಂದ ಸಿಗದಿದ್ದ ಮಾನ್ಯತೆ ತೆರೆದಿಟ್ಟು ಹದಿನೈದು ವರ್ಷ ಕಾದದ್ದರಿಂದ ಸಿಕ್ಕಿತು. ಮೊದಲೇ ತೆರೆದಿಟ್ಟಿದ್ದರೆ ಇಷ್ಟು ಮನಸ್ತಾಪ ಬೇಕಿತ್ತೇ?

ತೆರೆದ ಬೀಗವೂ ಮುರಿಯಬಹುದು ಎಂಬುದನ್ನು ಮರೆಯಬಾರದು. 2017ರಲ್ಲಿ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕರು ಡಬ್ಲ್ಯೂಪಿಎ-2ರಲ್ಲಿಯೂ ಒಂದು ದೋಷ ಕಂಡುಹಿಡಿದರು. ಅದನ್ನು ಮೊದಲು ಕಂಪನಿಗಳಿಗೆ ತಿಳಿಸಿ, ರಿಪೇರಿಗೆ ಅವಕಾಶ ಕೊಟ್ಟು, ಆಮೇಲೆ ಜಗತ್ತಿಗೆ ಹೇಳಿದರು. 2018ರಲ್ಲಿ ಡಬ್ಲ್ಯೂಪಿಎ-3 ಬಂತು. ತೆರೆದಿಟ್ಟದ್ದರಿಂದ ದೋಷ ಸಿಕ್ಕಿತು, ಸಿಕ್ಕಿದ್ದರಿಂದ ತಿದ್ದಲಾಯಿತು. ದೋಷವೇ ಇಲ್ಲವೆಂದು ಸಾಧಿಸುವವನಿಗಿಂತ ದೋಷವನ್ನು ಆಲೋಚನೆ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳುವವನು ಮೇಲು. ನಮ್ಮ ಪ್ರತಿಕ್ರಮಣದ ತತ್ತ್ವವೂ ಇದೇ.

ನಮ್ಮ ದೇಶವೂ ಇಂಥ ಪ್ರಸಂಗವನ್ನು ಕಂಡಿದೆ. ಅದು ಬೀಗದ ವಿಷಯವಲ್ಲ, ಮೊಬೈಲ್ ಅಲೆಗಳ ವಿಷಯ. ಹಳ್ಳಿಗಾಡಿನಲ್ಲಿ ದೂರದೂರದ ಗೋಪುರಗಳಿಂದಲೂ 5ಜಿ ತಲುಪುವಂತೆ ಐಐಟಿಗಳ ವಿದ್ವಾಂಸರು ಮಾಡಿದ ಕೆಲಸದಿಂದ 5ಜಿಐ ಎಂಬ ಭಾರತೀಯ ಮಾನದಂಡ ತಯಾರಾಯಿತು. ಅದನ್ನು ಜಾಗತಿಕ ದೂರಸಂಪರ್ಕ ಸಂಸ್ಥೆಯಾದ ಐಟಿಯು ಮಾನ್ಯ ಮಾಡಿತು. ಆದರೆ ಎರಡು ಬಗೆಯ ಸಾಮಾನು ಮಾಡಿದರೆ ಖರ್ಚು ಹೆಚ್ಚುತ್ತದೆಂದು ಕಂಪನಿಗಳು ತಕರಾರು ತೆಗೆದವು. ಕಡೆಗೆ 2021ರ ಕೊನೆಯ ಹೊತ್ತಿಗೆ ಅದನ್ನು ಜಗತ್ತಿನ ಸಾಮಾನ್ಯ 5ಜಿ ಮಾನದಂಡದಲ್ಲಿಯೇ ಸೇರಿಸಲು ಒಪ್ಪಂದವಾಯಿತು. ಬೇರೆ ಅಂಗಡಿ ಹಾಕುವುದಕ್ಕಿಂತ ಇದ್ದ ಅಂಗಡಿಯಲ್ಲಿಯೇ ಪಾಲುದಾರರಾದದ್ದು ಲೇಸೆಂದು ನಮಗೆ ತೋರುತ್ತದೆ.

ಈಗ ಮನೆಯ ಮಾತು. ವಾಚಕರು ತಮ್ಮ ಮನೆಯ, ಅಂಗಡಿಯ ವೈಫೈ ಪೆಟ್ಟಿಗೆಯಲ್ಲಿ ಯಾವ ಬೀಗವಿದೆಯೆಂದು ಮಕ್ಕಳಿಂದ ತೆಗೆಸಿ ನೋಡಬೇಕು. ವೆಪ್ ಅಥವಾ ಬರಿಯ ಡಬ್ಲ್ಯೂಪಿಎ ಎಂದಿದ್ದರೆ ಕೂಡಲೇ ಬದಲಿಸಬೇಕು. ಡಬ್ಲ್ಯೂಪಿಎ-3 ಇದ್ದರೆ ಉತ್ತಮ, ಇಲ್ಲವಾದರೆ ಡಬ್ಲ್ಯೂಪಿಎ-2 ಇರಲಿ. ಪೆಟ್ಟಿಗೆಯ ಜೊತೆಗೆ ಬಂದ ಗುಪ್ತಪದವನ್ನು ಹಾಗೆಯೇ ಬಿಡಬಾರದು. ಅಂಗಡಿಯ ಹೆಸರು, ಮೊಮ್ಮಕ್ಕಳ ಹೆಸರು, ಫೋನ್ ನಂಬರು ಇವು ಗುಪ್ತಪದಗಳಲ್ಲ, ಇಡೀ ಓಣಿಗೆ ಗೊತ್ತಿರುವ ಮಾತುಗಳು. ಬೀಗ ಎಷ್ಟು ಗಟ್ಟಿಯಿದ್ದರೂ ಕೀಲಿಯನ್ನು ಹೊಸ್ತಿಲ ಮೇಲಿಟ್ಟರೆ ಉಪಯೋಗವಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ನಮ್ಮ ಬಸದಿಗಳ ಸಮಿತಿಗಳಲ್ಲಿ, ವಿದ್ಯಾರ್ಥಿನಿಲಯಗಳ ಸಭೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಜಗಳಗಳಾಗುತ್ತವೆ. ಬಹಳ ಕಡೆ ಮೂಲ ಇದೇ ಆಗಿರುತ್ತದೆ. ಒಬ್ಬರು "ನಮ್ಮ ಮೇಲೆ ವಿಶ್ವಾಸವಿಡಿರಿ, ಲೆಕ್ಕ ಕೇಳಬೇಡಿರಿ" ಎನ್ನುತ್ತಾರೆ. ಇನ್ನೊಬ್ಬರು ಸಭೆ ಬಿಟ್ಟು ಎದ್ದು ಹೋಗುತ್ತಾರೆ. ದೊಡ್ಡ ದೇಶಗಳು ಮಾಡಿದ್ದೂ ಇದನ್ನೇ. ಕೀಲಿ ಕಾಯುವವರ ಹತ್ತಿರವೇ ಇರಲಿ, ಅದು ಅವರ ಜವಾಬ್ದಾರಿ. ಆದರೆ ಲೆಕ್ಕದ ಪದ್ಧತಿ ಎಲ್ಲರ ಕಣ್ಣಿಗೂ ಕಾಣುವಂತಿರಲಿ. ಕೇಳುವವರಿಗೆ ಸಭೆಯಲ್ಲಿ ಕುಳಿತುಕೊಳ್ಳಲು ಸಮಾನವಾದ ಜಾಗವೂ ಇರಲಿ. ವಿಶ್ವಾಸವು ಕೇಳಿ ಪಡೆಯುವ ವಸ್ತುವಲ್ಲ, ತೋರಿಸಿ ಗಳಿಸುವ ವಸ್ತು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆವು. ಅವನು ಎಲ್ಲವನ್ನೂ ಕೇಳಿ, "ಹಂಗಾದ್ರ ಅಜ್ಜಾ, ನಮ್ಮ ಅಂಗಡಿ ಹತ್ತು ಅಕ್ಷರದ ಮಾತು ಯಾವುದು?" ಎಂದನು. ಅದನ್ನು ಮಾತ್ರ ಅಂಗಡಿಯ ಗಾದಿಯ ಮೇಲೆ ಕುಳಿತ ದಿನ ಹೇಳುತ್ತೇವೆ ಎಂದು ನಕ್ಕೆವು.

ಜಯ ಜಿನೇಂದ್ರ.